ಒಲೆ ಮೇಲಿನ ಪಿಂಗಾಣಿ ಬೂತಾಯಿ

ವಾಸನೆ ಅಂದ್ಯಲ್ಲ ಈಗ, ಅದಕ್ಕೇ ಹೇಳ್ತಾ ಇದ್ದೇನೆ, ಕೂತ್ಕೋ. ಕೂತ್ಕೋ ಮಾರಾಯ, ಬಾಲ್ಕನಿಯಲ್ಲಿ ಗಾಳಿ ಉಂಟು, ನಿನ್ನ ಮೂಗಿಗೆ ಏನೂ ಆಗೋದಿಲ್ಲ. ಬರ್ಲಿನ್‌ಗೆ ಬಂದು ಸೂಟ್‌ಕೇಸ್ ಪೂರ್ತಿ ಬಿಚ್ಚಿಲ್ಲ, ಆಗಲೇ "ರಾಘಣ್ಣ, ಆ ಒಣಮೀನು ಹುರಿಯೋದೊಂದು ನಿಲ್ಲಿಸೋಕಾಗುತ್ತಾ" ಅಂತ ಕೇಳ್ತೀಯ. ಕೇಳಿದ್ದು ತಪ್ಪಲ್ಲ ಪ್ರಜ್ವಲ. ಮುಖ ನೋಡಿ ಕೇಳಿದೆ, ಅಷ್ಟರಮಟ್ಟಿಗೆ ನೀನು ಶ್ರೀಧರಣ್ಣನಿಗಿಂತ ವಾಸಿ. ಯಾರು ಶ್ರೀಧರಣ್ಣ ಅಂತೀಯಾ? ಬಂದೆ, ಅಲ್ಲಿಗೇ ಬಂದೆ. ಅಜ್ಜನ ಹಾಗೆ ಕತೆ ಶುರು ಮಾಡಿದ ಅಂತ ನಗಬೇಡ. ಈ ಊರಲ್ಲಿ ಒಂದು ರೂಮಿಗೆ ಅಲೆದವನಿಗೆ ಒಂದೇ ಚಳಿಗಾಲದಲ್ಲಿ ತಲೆ ನೆರೆಯುತ್ತೆ.

ನಾನು ಕುಂದಾಪುರದ ಹತ್ತಿರ, ಕಡಲ ಬದಿಯವನು. ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ನನ್ನ ಇಂಜಿನಿಯರ್ ಮಾಡಿದಳು. ಇದನ್ನ ಯಾರ ಹತ್ತಿರವೂ ಮುಚ್ಚಿಟ್ಟವನಲ್ಲ ನಾನು, ಎದೆ ತಟ್ಟಿ ಹೇಳುವವನು. ನದಿ ಕಡಲು ಸೇರೋ ಅಳಿವೆಯನ್ನ ಈಜಿ ದಾಟಿದವನು ನಮ್ಮ ವಾರಿಗೆಯಲ್ಲಿ ನಾನೊಬ್ಬನೇ. ಇಲ್ಲಿ ಜರ್ಮನ್ ಡ್ರೈವಿಂಗ್ ಲೈಸೆನ್ಸ್ ಮೊದಲನೇ ಸಲಕ್ಕೇ ಪಾಸು, ಬೇಕಾದ್ರೆ ಯಾರನ್ನಾದ್ರೂ ಕೇಳು. ಅಂಥವನು ಒಂದು ರೂಮಿಗೆ ಸೋತೆ ನೋಡು. ಮನೆ ನೋಡೋಕೆ ಹೋದ್ರೆ ಮೆಟ್ಟಿಲಿಂದ ಫುಟ್‌ಪಾತ್‌ವರೆಗೆ ಜನ. ವಿಳಾಸ ಇಲ್ಲದೆ ಆನ್‌ಮೆಲ್ಡುಂಗ್ ಇಲ್ಲ, ಅಂದ್ರೆ ಸರ್ಕಾರಿ ಆಫೀಸಲ್ಲಿ ಹೆಸರು ನೋಂದಣಿ ಇಲ್ಲ, ಆನ್‌ಮೆಲ್ಡುಂಗ್ ಇಲ್ಲದೆ ವೀಸಾ ಮುಂದಕ್ಕೆ ಹೋಗಲ್ಲ. ಆಗ ಸಿಕ್ಕಿದ್ದು ಶ್ರೀಧರಣ್ಣ. ಬೆಂಗಳೂರಿನವರು, ದೊಡ್ಡ ಸಾಫ್ಟ್‌ವೇರ್ ಕೆಲಸ, ಹೆಂಡತಿ ಶುಭಕ್ಕ. ಫ್ಲ್ಯಾಟು ಅವರ ಹೆಸರಲ್ಲಿ, ಅದರಲ್ಲೊಂದು ಸಣ್ಣ ರೂಮು ನನಗೆ. "ಮಗಾ, ನಮ್ಮ ಅಡುಗೆಮನೆಯಲ್ಲಿ ಮೀನು ಮಾಂಸ ಬೇಡಪ್ಪ, ಹೊರಗೆ ನೀನು ಏನಾದ್ರೂ ತಿನ್ನು" ಅಂದ್ರು. ಆಯ್ತು ಅಂದೆ. ಅವರ ಮನೆ, ಅವರ ಮಾತು. ಇದರಲ್ಲಿ ನನಗೆ ಸಿಟ್ಟಿಲ್ಲ, ಈಗಲೂ ಇಲ್ಲ, ಗೊತ್ತಾಯ್ತಾ?

ಆಮೇಲೆ ಊರಿಂದ ಬಂದ ಒಬ್ಬರ ಕೈಲಿ ಅಮ್ಮ ಒಣ ಚಟ್ಲಿ ಕಳಿಸಿದಳು. ಚಟ್ಲಿ ಅಂದ್ರೆ ಸಿಗಡಿ, ನೀವು ಮೈಸೂರಿನವರಿಗೆ ಎಲ್ಲಾ ಬಿಡಿಸಿ ಹೇಳಬೇಕು. ಮರಳಿನ ಮೇಲೆ ಬಲೆ ಹಾಸಿ, ಕಾಗೆ ಓಡಿಸ್ತಾ ಬಿಸಿಲಲ್ಲಿ ಕೂತು ಅವಳೇ ಒಣಗಿಸಿದ್ದು. ಅದನ್ನ ನಾನು ಹುರೀಲಿಲ್ಲ, ಪೊಟ್ಟಣ ಒಡೀಲೂ ಇಲ್ಲ. ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಟವೆಲ್ ಸುತ್ತಿ ನನ್ನ ರೂಮಿನ ಕಪಾಟಿನಲ್ಲಿ ಇಟ್ಟಿದ್ದೆ. ಭಾನುವಾರ ಗೆಳೆಯನ ಮನೆಗೆ ಒಯ್ದು ಚಟ್ನಿ ಮಾಡೋಣ ಅಂತ. ಶನಿವಾರ ಆಫೀಸಿಂದ ಬಂದು ನೋಡ್ತೇನೆ, ಟವೆಲ್ ಒಗೆದು ಒಣಹಾಕಿದ್ದಾರೆ. ಪೊಟ್ಟಣ ಇಲ್ಲ. "ಏನೋ ಸತ್ತು ಬಿದ್ದಿದೆ ಅಂದ್ಕೊಂಡ್ವಿ ಗುರು, ಕೆಳಗೆ ಕಸದ ಡಬ್ಬಕ್ಕೆ ಹಾಕಿದ್ವಿ" ಅಂತ ಶ್ರೀಧರಣ್ಣ ನಗ್ತಾ ಹೇಳಿದ್ರು. ಕೆಳಗೆ ಓಡಿದೆ. ಕಸದ ಲಾರಿ ಬಂದು ಹೋಗಿತ್ತು.

ನಾನೇನು ಮಾಡ್ದೆ ಅಂತೀಯಾ? ಊರಲ್ಲಾಗಿದ್ರೆ ಆ ಮನೆ ಹೆಂಚು ಹಾರಿಸ್ತಿದ್ದೆ. ಇಲ್ಲಿ ವೀಸಾ ಅರ್ಜಿ ಒಳಗೆ ಹೋಗಿತ್ತು, ಆ ವಿಳಾಸದಲ್ಲೇ ಹೋಗಿತ್ತು. "ಪರವಾಗಿಲ್ಲ ಶ್ರೀಧರಣ್ಣ" ಅಂದೆ. ಅಮ್ಮ ಫೋನ್ ಮಾಡಿದಳು, "ಮಗಾ, ಚಟ್ಲಿ ತಿಂದ್ಯಾ? ಹ್ಯಾಂಗಿತ್ತ್?" ಅಂತ. "ಲಾಯ್ಕಿತ್ತ್ ಅಮ್ಮ" ಅಂದೆ.

ಹಾಂ, ಆಮೇಲೆ ಪೋರ್ಚುಗಲ್‌ಗೆ ಹೋದದ್ದು ಉಂಟಲ್ಲ. ಅದನ್ನೇ ಹೇಳೋಕೆ ಹೊರಟಿದ್ದು. ವಸಂತದಲ್ಲಿ ಗಂಡ ಹೆಂಡತಿ ಅಲ್ಲಿಗೆ ಹೊರಟ್ರು, ಬಾಡಿಗೆ ಕಾರು ಓಡಿಸೋಕೆ ನನ್ನನ್ನೂ ಕರೆದ್ರು. ಲಿಸ್ಬನ್‌ನಿಂದ ಮೇಲಕ್ಕೆ ಹೋದ್ರೆ ನಜರೆ ಅಂತ ಒಂದು ಮೀನುಗಾರರ ಊರು. ಕಾರಿನ ಗಾಜು ಇಳಿಸಿದ್ದೇ ತಡ, ವಾಸನೆ ಬಂತು ನೋಡು! ಕಣ್ಣು ಮುಚ್ಚಿದ್ರೆ ನಮ್ಮ ಊರೇ. ಕಡಲ ದಂಡೆ ಮೇಲೆ ಮರದ ಚೌಕಟ್ಟು, ಅದಕ್ಕೆ ಬಲೆ ಬಿಗಿದು, ಬೂತಾಯಿ, ಬಂಗುಡೆ ಹಾಗಿನ ಮೀನು, ಎಲ್ಲಾ ಹೊಟ್ಟೆ ಸೀಳಿ ಉಪ್ಪು ಹಾಕಿ ಪುಸ್ತಕ ಬಿಡಿಸಿದ ಹಾಗೆ ಬಿಸಿಲಿಗಿಟ್ಟಿದ್ದಾರೆ. ಪಕ್ಕದಲ್ಲಿ ತಲೆಗೆ ಕರಿ ವಸ್ತ್ರ ಕಟ್ಟಿದ ಮುದುಕಿಯರು, ಲಂಗದ ಮೇಲೆ ಲಂಗ, ಕೂತ ಭಂಗಿ ಸಮೇತ ನಮ್ಮವರೇ. ಶ್ರೀಧರಣ್ಣ ಎರಡೂ ಕೈ ಚಾಚಿ ಉಸಿರೆಳೆದುಕೊಂಡ್ರು. "ಆಹಾ, ಇದಪ್ಪ ಕಡಲಿನ ವಾಸನೆ! ಎಷ್ಟು ಒರಿಜಿನಲ್ ಅಲ್ವಾ ಶುಭಾ?" ಶುಭಕ್ಕ ಮೊಬೈಲ್ ಹಿಡಿದು ಒಬ್ಬ ಮುದುಕಿಯ ಫೋಟೋ ತೆಗೀತಾ ಇದ್ರು. ನಾನು ಆ ಚೌಕಟ್ಟಿನ ಹತ್ತಿರ ನಿಂತು ಮೀನು ನೋಡ್ತಾ ಇದ್ದೆ. "ರಾಘು, ಸ್ವಲ್ಪ ಪಕ್ಕಕ್ಕೆ ಸರಿ, ನೀನು ಅಡ್ಡ ಬರ್ತಿದ್ದೀಯ" ಅಂದ್ರು ಶುಭಕ್ಕ.

ಸರಿದೆ. ಸರಿದೆ ಮಾರಾಯ, ಮೀನಿನ ಹತ್ತಿರದಿಂದ ನಾನು ಸರಿದೆ!

ಆ ಮುದುಕಿ ಒಂದು ಮೀನು ಹರಿದು ನಮಗೆ ಚೂರು ಚೂರು ಕೊಡೋಕೆ ಬಂದಳು. ಅವರಿಬ್ಬರೂ ಕೈಮುಗಿದು ನಗ್ತಾ ಹಿಂದೆ ಹೋದ್ರು. ನಾನು ಮೂರು ಪಾಲನ್ನೂ ತಿಂದೆ. ಅವಳಿಗೆ ನನ್ನ ಭಾಷೆ ಬರಲ್ಲ, ನನಗೆ ಅವಳದ್ದು ಬರಲ್ಲ. ಮೊಬೈಲಿನಲ್ಲಿ ಅಮ್ಮನ ಫೋಟೋ ತೋರಿಸಿದೆ, ಮರಳು, ಬಲೆ, ಚಟ್ಲಿ, ತಲೆ ಮೇಲೆ ಸೆರಗು. ಮುದುಕಿ ಕನ್ನಡಕ ಏರಿಸಿ ನೋಡಿದಳು, ಆಚೆ ಕೂತವಳನ್ನ ಕೂಗಿ ಕರೆದಳು, ಇಬ್ಬರೂ ನನ್ನ ಕೆನ್ನೆ ಹಿಂಡಿದ್ರು. ಶ್ರೀಧರಣ್ಣ ಬಗ್ಗಿ ನೋಡಿ, "ಏ, ನಿಮ್ಮೂರಲ್ಲೂ ಹೀಗೇನಾ ಗುರು? ಸೂಪರ್, ಒಂದ್ಸಲ ಹೋಗೋಣ" ಅಂದ್ರು.

ಆಗ ತಡೀಲಿಲ್ಲ. "ನಮ್ಮೂರಿಗೆ ಹೋಗೋದು ಎಂತಕ್ಕೆ ಶ್ರೀಧರಣ್ಣ, ನಮ್ಮೂರೇ ನಿಮ್ಮನೆಗೆ ಬಂದಿತ್ತು. ನೀವು ಕಸಕ್ಕೆ ಹಾಕಿದ್ದು ಇವಳು ಒಣಗಿಸಿದ್ದು" ಅಂದೆ, ಅಮ್ಮನ ಫೋಟೋ ಅವರ ಮುಖಕ್ಕೆ ಹಿಡಿದೆ. ಅವರು ಕಡಲಿನ ಕಡೆ ನೋಡಿದ್ರು. "ಅದು ಬೇರೆ ಮಗಾ" ಅಂದ್ರು. "ಇದು ಇವರ ಸಂಸ್ಕೃತಿ. ಮತ್ತೆ ಇಲ್ಲಿ ಬಯಲು, ಅಲ್ಲಿ ಮನೆ." ಬೇರೆ ಅಂತೆ! ಅದೇ ಉಪ್ಪು, ಅದೇ ಬಿಸಿಲು, ಅದೇ ನೊಣ. ಬೇರೆ ಅಂತೆ.

ಹೊರಡುವಾಗ ಶುಭಕ್ಕ ಅಂಗಡಿಯಿಂದ ನೀಲಿ ಬಣ್ಣದ ಪಿಂಗಾಣಿ ಬೂತಾಯಿ ತಗೊಂಡ್ರು, ಅಂಗೈ ಉದ್ದದ್ದು. ನಾನು ಆ ಮುದುಕಿ ಹತ್ತಿರ ನಿಜವಾದ್ದು ಒಂದು ಪೊಟ್ಟಣ ತಗೊಂಡೆ. ಬರ್ಲಿನ್‌ಗೆ ಬಂದ ದಿನವೇ ಶ್ರೀಧರಣ್ಣ ಸ್ಟೂಲ್ ಹತ್ತಿ ಆ ಪಿಂಗಾಣಿ ಮೀನನ್ನ ಎಲ್ಲಿ ಹಾಕಿದ್ರು ಹೇಳು? ಒಲೆ ಮೇಲೆ! ಅಡುಗೆಮನೆಯಲ್ಲಿ, ಒಲೆಯ ಸರೀ ಮೇಲೆ ಗೋಡೆಗೆ ನೇತುಹಾಕಿದ್ರು. "ಹೇಗಿದೆ ಮಗಾ?" ಅಂದ್ರು. ಚೆನ್ನಾಗಿದೆ ಅಂದೆ, ನನ್ನ ಪೊಟ್ಟಣ ಒಡೆದೆ, ನನ್ನದೇ ಬಾಣಲೆ ಇಟ್ಟೆ, ಆ ಮೀನಿನ ಕೆಳಗೇ ಈ ಮೀನು ಹುರಿದೆ. ಶುಭಕ್ಕ ಮೂಗಿಗೆ ಸೆರಗು... ಅಲ್ಲ, ಸೆರಗೆಲ್ಲಿ, ಜಾಕೆಟ್ಟಿನ ತೋಳು ಹಿಡ್ಕೊಂಡು ಹೊರಗೆ ಓಡಿದ್ರು. ಶ್ರೀಧರಣ್ಣ ಕೂಗಾಡಲಿಲ್ಲ. "ತಿಂಗಳ ಕೊನೆಗೆ ಬೇರೆ ಕಡೆ ನೋಡ್ಕೋ" ಅಂದ್ರು, ಅಷ್ಟೇ. ಹುರಿದದ್ದನ್ನ ನಿಂತೇ ತಿಂದೆ. ರುಚಿ? ಸುಳ್ಳು ಹೇಳಲ್ಲ, ಉಪ್ಪು ಜಾಸ್ತಿ, ಅಮ್ಮನ ಕೈಯದರ ಹತ್ತಿರಕ್ಕೂ ಬರಲ್ಲ.

ಆಮೇಲೆ ಪಟ್ಟ ಪಾಡು ಬೇಡ ಬಿಡು. ಅವರಿವರ ಸೋಫಾ, ಪಾತ್ರೆ ತೊಳೆದು ಋಣ ತೀರಿಸೋದು, ವೀಸಾ ಆಫೀಸಿನಲ್ಲಿ "ವಿಳಾಸ ಯಾವುದು" ಅಂದ್ರೆ ತಲೆ ತಗ್ಗಿಸೋದು. ಈ ರಾಘು ತಲೆ ತಗ್ಗಿಸಿದ್ದು ಆಗ ಮಾತ್ರ. ಅಷ್ಟರಲ್ಲಿ ಊರಲ್ಲಿ ಅಮ್ಮನ ಮಂಡಿ ಹೋಯ್ತು. ಕುಕ್ಕರುಗಾಲಲ್ಲಿ ಕೂರೋಕಾಗಲ್ಲ, ಒಣಗಿಸೋದು ಬಿಟ್ಟಳು. ಆವತ್ತು ಕಸಕ್ಕೆ ಹೋಯ್ತಲ್ಲ, ಅವಳ ಕೈಯಿಂದ ಬಂದ ಕೊನೇ ಪೊಟ್ಟಣ ಅದು. ಈಗ ನಾನು ಹುರಿಯೋದು ಅಂಗಡಿದು.

ಕೊನೆಗೂ ಸಿಕ್ಕಿದ ಈ ಬಾಡಿಗೆ ಮನೆ ನನ್ನ ಹೆಸರಲ್ಲಿದೆ. ಹಾಗೆ ಮುಖ ಸಣ್ಣ ಮಾಡ್ಬೇಡ, ನಿನ್ನನ್ನ ಓಡಿಸಲ್ಲ. ನಿನಗೆ ಅಂತ ಬೇರೆ ಬಾಣಲೆ ತಂದಿಟ್ಟಿದ್ದೇನೆ, ಅದಕ್ಕೆ ನನ್ನ ಕೈ ತಾಗೋದಿಲ್ಲ. ಹುರಿಯೋ ಮುಂಚೆ ಹೇಳ್ತೇನೆ, ನಿನ್ನ ರೂಮಿನ ಬಾಗಿಲು ಹಾಕ್ಕೋ. ನಿಲ್ಲಿಸು ಅಂತ ಮಾತ್ರ ಹೇಳ್ಬೇಡ. ವಾಸನೆ ಬಂದ್ರೆ ಕಿಟಕಿ ತೆಗೀಬೇಕಪ್ಪ, ಇನ್ನೊಬ್ಬರ ಅಮ್ಮ ಕಟ್ಟಿಕೊಟ್ಟದ್ದನ್ನ ಎಸೀಬಾರದು. ಏಳು, ಅನ್ನ ಆಗಿದೆ.