ಕರೀಮ್ ಸಾಹೇಬರು ಮುಚ್ಚಿಟ್ಟ ಬಣ್ಣ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಶಹಾಬಾದದ ಕಂಪೌಂಡರ್ ಅಬ್ದುಲ್ ಕರೀಮ್ ಸಾಹೇಬರೇ, ಭಂಕೂರದಿಂದ ಚಕ್ಕಡಿ ಕಟ್ಟಿಕೊಂಡು ಬಂದ ಸಭಿಕರೇ, ಮತ್ತು ಎರಡನೆಯ ಸಾಲಿನಲ್ಲಿ ಕುಳಿತು ನನ್ನ ಕೈಯೊಳಗಿನ ಪೇಢೆಯನ್ನೇ ದಿಟ್ಟಿಸುತ್ತಿರುವ ನಮ್ಮ ಮನೆಯವರಾದ ಶರಣಬಸಮ್ಮನವರೇ,

ಗುರುಲಿಂಗಯ್ಯ ಮಾಸ್ತರನಾದ ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ಐದು ನಿಮಿಷ ಹಾಜರಿ ಕೂಗಲಿಕ್ಕೂ ಸಾಲದು. ಇರಲಿ.

ಅರವತ್ತೆರಡನೆಯ ವಯಸ್ಸಿನಲ್ಲಿ ನನಗೆ ಸಕ್ಕರೆ ರೋಗ ಬಂತು. ಸಿಹಿ ಬಿಡಿ ಎಂದರು ಸಾಹೇಬರು. ಜಂಗಮನಾದವನು ಹೇಗೆ ಬಿಡಬೇಕು ಸ್ವಾಮಿ? ಭಕ್ತರು ಮನೆಗೆ ಕರೆಯುತ್ತಾರೆ, ಪಾದ ತೊಳೆಯುತ್ತಾರೆ, ಎಲೆಗೆ ಮಾಲದಿ ಬಡಿಸುತ್ತಾರೆ. ಚಪಾತಿ ಮುರಿದು, ಬೆಲ್ಲ ತುಪ್ಪ ಕಲಸಿದ ಮಾಲದಿ! ಪ್ರಸಾದವನ್ನು ಎಲೆಯಲ್ಲಿ ಬಿಡುವಂತಿಲ್ಲ. "ಪ್ರಸಾದದಿಂದ ರೋಗ ಎಲ್ಲಿ ಬರ್ತದ್ರಿ?" ಎಂದು ನಾನು ವಾದ ಹೂಡಿದೆ. ಸಾಹೇಬರು ವಾದಿಸಲಿಲ್ಲ. ಪ್ರತಿ ವಾರ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಕಾಯಿಸಿ, ನಾನು ಒಯ್ದ ಮೂತ್ರದ ಎಂಟು ಹನಿ ಬಿಡುತ್ತಿದ್ದರು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಸಕ್ಕರೆ ಏರಿದಷ್ಟೂ ಬಣ್ಣ ಹಳದಿಗೆ, ಕೆಂಪಿಗೆ ತಿರುಗುತ್ತದೆ. ನನ್ನದು ಹಳದಿ. "ಅಯ್ಯನೋರೆ, ನಿನ್ನಿ ಯಾರ ಮನ್ಯಾಗ ಪ್ರಸಾದ ಆಯ್ತ್ರಿ?" ಎನ್ನುತ್ತಿದ್ದರು.

ಒಂದು ವಾರ ಮೂರು ಮನೆಯ ಪ್ರಸಾದವಾಗಿತ್ತು. ಆಗ ನಾನು... ಇಷ್ಟು ಬಂದ ಮೇಲೆ ಹೇಳಿಬಿಡುತ್ತೇನೆ. "ಸರಕಾರದ ಹೊಸ ಕಾಯ್ದೆ ಬಂದದ. ಗಂಡಂದು ತಪಾಸ್ ಮಾಡ್ಬೇಕಂದ್ರ ಹೆಂಡ್ತೀದೂ ಕೊಡ್ಬೇಕಂತ" ಎಂದು ಮನೆಯಲ್ಲಿ ಹೇಳಿದೆ. ಪಾಪ, ನಂಬಿ ಬಾಟಲಿ ತುಂಬಿ ಕೊಟ್ಟಳು. ಆಕೆಯದು ನೀಲಿಯೇ ಉಳಿಯುತ್ತದೆಂದು ನಂಬಿ, ಅದನ್ನೇ ನನ್ನದೆಂದು ಒಯ್ದುಕೊಟ್ಟೆ.

ನಳಿಗೆ ಇಟ್ಟಂಗಿ ಕೆಂಪಾಯಿತು!

"ಯಾ ಅಲ್ಲಾ! ಅಯ್ಯನೋರೆ, ಮಾಲದಿ ತಿಂದೀರೋ, ಮಾಲದ್ಯಾಗ ಹೊಳ್ಳಾಡೀರೋ?" ಎಂದರು. ನನಗೆ ನಗು ಬರಲಿಲ್ಲ. ನೆಲಕ್ಕೆ ಹಾಸಿದ ಪರಸಿಕಲ್ಲು ತಾಗಿ ನಮ್ಮಾಕೆಯ ಕಾಲಿನ ಹೆಬ್ಬೆರಳಿಗೆ ಆದ ಗಾಯ ಒಂದೂವರೆ ತಿಂಗಳಾದರೂ ಮಾಯ್ದಿರಲಿಲ್ಲ. ಅರಿಶಿನ ಮೆತ್ತಿ ಸುಮ್ಮನಿದ್ದೆವು. ಸಕ್ಕರೆ ಇದ್ದ ಮೈಗೆ ಅಂಥದೇ ಗಾಯವಾಗಿ ನಮ್ಮ ಓಣಿಯ ದೇವಿಂದ್ರಪ್ಪನ ಕಾಲನ್ನೇ ತೆಗೆದಿದ್ದರು. ಮಾನ ಹೋದರೆ ಹೋಗಲಿ ಎಂದು ಬಾಯಿಬಿಟ್ಟೆ: "ಸಾಹೇಬ್ರೆ, ಆ ಬಾಟ್ಲಿ ನಂದಲ್ರಿ."

ಬೈದರೇ? ಇಲ್ಲ. ಆಗಲೇ ಸೈಕಲ್ ಹತ್ತಿ ಮನೆಗೆ ಬಂದು, "ಅಮ್ಮನೋರೆ, ನಿಮ್ ಕಾಲಿಂದು ಅಯ್ಯನೋರು ಭಾಳ ಕಾಳಜಿ ಮಾಡಾಕತ್ತಾರ. ತೋರಿಸ್ರಿ" ಎಂದರು. ಡಾಕ್ಟರಲ್ಲಿಗೆ ಕರೆದೊಯ್ದರು. ಮೂರು ತಿಂಗಳು ದಿನಾ ಬೆಳಿಗ್ಗೆ ಬಂದು ಇನ್ಸುಲಿನ್ ಸೂಜಿ ಹಾಕಿ, ಗಾಯ ತೊಳೆದರು. ಕಾಲು ಉಳಿಯಿತು.

ಆರು ವರ್ಷದಿಂದ ಈಕೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ, "ನಮ್ಮ ಮನಿಯವ್ರ ಲಕ್ಷ್ಯ ಇತ್ತಂತ ನನ್ ಕಾಲ್ ಉಳೀತು ನೋಡ್ರಿ" ಎಂದು. ಸಾಹೇಬರು ಪಕ್ಕದಲ್ಲೇ ನಿಂತು "ಹೌದ್ರಿ, ಖರೇನ" ಎನ್ನುತ್ತಿದ್ದರು. ಆ ಹೊಗಳಿಕೆ ನನಗೆ ಮಾಲದಿಗಿಂತ ರುಚಿಯಾಗಿತ್ತು. ಇಂದು ಅದನ್ನು ನಿಜವಾಗಿ ಸಲ್ಲಬೇಕಾದ ಸಾಹೇಬರಿಗೇ ಒಪ್ಪಿಸುತ್ತಿದ್ದೇನೆ.

ಅಧ್ಯಕ್ಷರೇ, ಶರಣಬಸಮ್ಮನವರು ಎದ್ದಿದ್ದಾರೆ. ವೇದಿಕೆಯ ಕಡೆಗೇ ಬರುತ್ತಿದ್ದಾರೆ. ಆ ನಡಿಗೆ ನೋಡಿ ಸಭಿಕರೇ, ಎಲ್ಲಾದರೂ ಕುಂಟು ಕಾಣುತ್ತದೆಯೇ? ಸಾಹೇಬರು ಆ ಕಾಲನ್ನು ಇಷ್ಟು ಚುರುಕಾಗಿ ವಾಸಿ ಮಾಡಬಾರದಿತ್ತು! ಪೇಢೆಯನ್ನು ಮೇಜಿನ ಮೇಲೆ ಇಟ್ಟಿದ್ದೇನೆ, ಎಲ್ಲರೂ ಸಾಕ್ಷಿ. ಕೇಳಿಸಿಕೊಂಡ ನಿಮಗೆಲ್ಲ ಶರಣು, ಸಾಹೇಬರಿಗೆ ನೂರು ಶರಣು. ಮುಂದಿನ ಮಾತು ನಮ್ಮ ಮನೆಯವರದು. ನಮಸ್ಕಾರ.