ಲೋಬಾನ ತಂದ ರಾಜ

ಎಂಬತ್ತೆರಡರ ಡಿಸೆಂಬರ್, ಮಾನ್ವಿಯಿಂದ ಪೋತ್ನಾಳಕ್ಕೆ ಹೊರಟ ಬಸ್ಸು. ಮುಂದಿನ ಸೀಟಿನಲ್ಲಿ ಇಬ್ಬರು ಅಜ್ಜಿಯರು ಮಾತಾಡುತ್ತಿದ್ದರು. ಕೇಳಬಾರದೆಂದುಕೊಂಡರೂ ಕೇಳಿಸಿತು.

"ಹೀರಾಬಿ, ಸಾಲ್ಯಾಗ ಕ್ರಿಸ್‌ಮಸ್ ನಾಟಕದ ತಾಲೀಮು ನೋಡಿ ಬಂದೆ. ನಿನ್ನ ಮೊಮ್ಮಗಳು ಹತ್ತಿ ಗಡ್ಡ ಹಚ್ಚಿಕೊಂಡು ರಾಜ ಆಗ್ಯಾಳ!"

"ಮೆಲ್ಲಕ, ಅಮರಮ್ಮ. ನಾಟಕ ಬ್ಯಾಡ ಅಂದಾನ ಅವರಪ್ಪ. ಗೊತ್ತಾದ್ರ ಸಾಲಿನೇ ಬಿಡಸ್ತಾನ."

"ಉಳಿದ ರಾಜರು ಯೇಸುಕೂಸಿನ ಮುಂದ ಕಾಣಿಕಿ ಅಂತ ಖಾಲಿ ಡಬ್ಬಿ ಇಟ್ರು. ಇಕಿ ಕೆಂಡದ ಮ್ಯಾಲ ಖರೇ ಲೋಬಾನ ಹಾಕಿದಳು."

"ರಾಜ ಧೂಪ ತಂದಿದ್ದ ಅಂತ ಪಾಠದಾಗ ಹೇಳ್ಯಾರಂತ. ಬೇಡಿದಳು, ನನ್ನ ಮಗನ ಅಂಗಡ್ಯಾಗಿಂದು ಕೊಟ್ಟೆ."

"ಆ ಹೊಗಿನ ಕೂಸಿನ ಸುತ್ತ ತಿರುವಿದಳು ನೋಡು!"

"ಯಾ ಅಲ್ಲಾ! ಮನ್ಯಾಗ ನಾ ಕೂಸಿಗೆ ನಜರ್ ತಗಿಯೂದು ಹಂಗ. ಟೀಚರಮ್ಮ ಬೈದ್ರೇನು?"

"ಇಲ್ಲ ಬೇ. ಅಷ್ಟು ಮಂದಿ ನೋಡಿದ ಕೂಸು, ದಿಷ್ಟಿ ಆಗಿರತದ, ಹಂಗೇ ಮಾಡು ಅಂದ್ರು."

ಹೀರಾಬಿ ನಕ್ಕರು.

"ಲೋಬಾನ ಕಮ್ಮಿ ಆತು ಅಂತ ನಿನ್ನ ಮಗ ಕೇಳಿದ್ರ?"

"ಇಲಿ ತಿಂತು ಅಂತೀನಿ."

"ಇಲಿ ಲೋಬಾನ ತಿಂತಾವೇನ?"

"ನಮ್ಮನಿ ಇಲಿ ತಿಂತಾವ. ನೀ ಮಾತ್ರ ಬಾಯಿ ಬಿಡಬ್ಯಾಡ."

ಪೋತ್ನಾಳ ಬಂತು. ಇಬ್ಬರೂ ಎದ್ದರು.

"ಯಾರಿಗೂ ಹೇಳಂಗಿಲ್ಲ ಬಿಡು. ನಾಟಕದ ದಿನ ನೀನೂ ಬಾ, ಹಿಂದ ಕುಂತು ನೋಡೂಣು."

"ಬರ್ತೀನಿ," ಎಂದರು ಹೀರಾಬಿ, ಮೆಟ್ಟಿಲು ಇಳಿಯುತ್ತ. "ಬುರ್ಖಾದಾಗ ಯಾರದಾರ ಅಂತ ಯಾರಿಗೆ ಗೊತ್ತಾಗತದ?"