ಎರಡನೇ ಗೋಲ್‌ಕೀಪರ್

"ಹಲೋ… ಯಾರು ಮಾತಾಡ್ತಿರೋದು? ಹಾಂ, ಕಾರ್ಯದರ್ಶಿಗಳಾ? ಹೇಳಿ ಸಾರ್. ಇಲ್ಲಿ ಗದ್ದಲ, ಸರಿಯಾಗಿ ಕೇಳಿಸ್ಲಿಲ್ಲ."

ಕೋಚ್ ಸಾಮಾನು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡರು. ಕಿರಿಯ ಹುಡುಗಿಯರ ಹಾಕಿ ತಂಡದ ಪಟ್ಟಿ ಐದು ಗಂಟೆಯೊಳಗೆ ಲೀಗ್ ಕಚೇರಿ ಸೇರಬೇಕು. ಆಗಲೇ ನಾಲ್ಕೂ ಹತ್ತು.

"… ಹೌದು, ಹದಿನಾರು ಜನ. ಹೋದ ವರ್ಷದ ಐದು ಜನಕ್ಕೆ ಹದಿನೆಂಟು ದಾಟಿತು, ಹೋದ್ರು, ಮೊದಲ ಕೀಪರೂ ಸೇರಿ. … ಹಿಂದಿನ ಸಾಲಾ? ಆರು ಜನ ಇದ್ದಾರೆ. ಒಬ್ಬಳು ಬಿದ್ದರೆ ಇನ್ನೊಬ್ಬಳು."

ನಡುವಿಗೆ ಐವರು, ಮುಂದಕ್ಕೆ ನಾಲ್ವರು. ದರ್ಜಿಯ ಮಗಳ ಮೊಣಕಾಲು ವಾಸಿಯಾಗಿದೆ. ಅವಳಿಜವಳಿಯಲ್ಲಿ ಯಾರು ಯಾರೆಂದು ಅಂಪೈರಿಗೇ ತಿಳಿಯದು, ಅದೊಂದು ಅನುಕೂಲ. ಎಲ್ಲವನ್ನೂ ಕೋಚ್ ಏರಿಳಿತವಿಲ್ಲದ ಒಂದೇ ದನಿಯಲ್ಲಿ ಹೇಳಿದರು.

"… ಗೋಲಿಗಾ? … ಕುಳ್ಳಿ ಇದ್ದಾಳಲ್ಲ ಸಾರ್. ಹೋದ ವರ್ಷದ ಎರಡನೇ ಕೀಪರ್. … ಅಭ್ಯಾಸಕ್ಕಾ? … ಬರ್ತಾ ಇಲ್ಲ."

ಕುಳ್ಳಿ ಬರುವುದು ಬಿಟ್ಟು ಹದಿನೇಳು ದಿನವಾಗಿತ್ತು. ಕಾಲಿನ ಪ್ಯಾಡುಗಳನ್ನು ಒರೆಸಿ, ಒಣಗಿಸಿ, ಬೆಲ್ಟುಗಳನ್ನು ಸುತ್ತಿ ಕಪಾಟಿನಲ್ಲಿಟ್ಟು ಹೋಗಿದ್ದಳು. ಕೋಚ್ ಅದನ್ನು ಗಮನಿಸಿದ್ದು ಐದನೆಯ ದಿನ. ಆಮೇಲೂ ಪಟ್ಟಿಯಲ್ಲಿ ಅವಳ ಹೆಸರು ಬರೆದರು; ಕೈಯ ರೂಢಿ.

ಕೀಪರ್ ಇಲ್ಲದ ಪಟ್ಟಿಯನ್ನು ಲೀಗ್ ತೆಗೆದುಕೊಳ್ಳುವುದಿಲ್ಲ, ಉಳಿದ ಹದಿನೈದು ಹುಡುಗಿಯರು ವರ್ಷವಿಡೀ ಮನೆಯಲ್ಲಿ ಕೂರಬೇಕಾಗುತ್ತದೆ ಎಂದು ಕಾರ್ಯದರ್ಶಿ ನೆನಪಿಸಿದರು. ಕೋಚ್‌ಗೆ ಅದು ಗೊತ್ತಿತ್ತು.

"… ಆಡಿಸಿದ್ದಾ? ಇಲ್ಲ. ಇಪ್ಪತ್ತೆರಡು ಪಂದ್ಯ, ಒಂದು ನಿಮಿಷಾನೂ ಇಲ್ಲ. … ಏಳು-ಸೊನ್ನೆ ಇದ್ದಾಗಲೂ ಇಲ್ಲ. … ಯಾಕೆ ಅಂದ್ರೆ, ಒಂದೂ ಗೋಲು ಬಿಡಬಾರದು ಅಂತಿತ್ತಲ್ವಾ. ಸಾಲಾಗಿ ಹನ್ನೊಂದು ಪಂದ್ಯ ಬಿಟ್ಟಿರ್ಲಿಲ್ಲ. ಅದನ್ನೇ ಕ್ಲಬ್ಬಿನ ಬಾಗಿಲಿಗೆ ಬೋರ್ಡು ಬರೆಸಿ ಹಾಕಿದ್ದು ನೀವೇ, ಅಲ್ವಾ ಸಾರ್?"

ಕಾರ್ಯದರ್ಶಿ ಬೋರ್ಡಿನ ಮಾತು ಬಿಟ್ಟು, ಹುಡುಗಿಗೆ ಫೋನು ಮಾಡಿದಿರಾ ಎಂದು ಕೇಳಿದರು.

"… ಮಾಡಿದ್ದೆ ಫೋನು. ಅವಳಮ್ಮ ಎತ್ತಿ ಅವಳ ಕೈಗೆ ಕೊಟ್ರು. ಈ ವರ್ಷ ಗೋಲು ನಿಂದೇ ಕಣಮ್ಮಾ ಅಂದೆ. … 'ಸಾರ್, ನನಗೆ ಆಟ ಬರುತ್ತಾ ಅಂತ ನನಗೇ ಗೊತ್ತಿಲ್ಲ' ಅಂದ್ಲು. ಅಷ್ಟೇ. ಅಳಲಿಲ್ಲ, ಏನಿಲ್ಲ."

ತಾವೇ ಈಗ ಅವಳ ಮನೆಗೆ ಹೋಗುವುದಾಗಿ ಕಾರ್ಯದರ್ಶಿ ಹೇಳಿದರು. ಹೋಗಿ ಹೇಳಲು ಒಂದು ಮಾತು ಬೇಕು, ಅದು ಸುಳ್ಳಾಗಿರಬಾರದು. ಹುಡುಗಿ ಹೇಗೆ ಆಡುತ್ತಾಳೆ?

ಕೋಚ್ ನೆನಪು ಮಾಡಿಕೊಂಡರು. ಬೆಂಚಿನ ತುದಿ, ತೊಡೆಯ ಮೇಲೆ ಹೆಲ್ಮೆಟ್. ಅಭ್ಯಾಸದಲ್ಲೂ ಹೊಡೆತಗಳೆಲ್ಲ ಮೊದಲ ಕೀಪರ್‌ಗೆ. ಗೋಲಿನ ಹಿಂದೆ ಹೋದ ಚೆಂಡು ಹೆಕ್ಕಿ ತರುವುದು ಇವಳ ಕೆಲಸ. ಅವಳು ಚೆಂಡು ತಡೆದ ಒಂದು ಗಳಿಗೆಯೂ ನೆನಪಾಗಲಿಲ್ಲ.

"… ಹೇಗೆ ಆಡ್ತಾಳೆ ಅಂದ್ರೆ… ನಾನು ನೋಡಿಲ್ಲ ಸಾರ್. … ಹಾಂ, ಎರಡು ವರ್ಷ ಇದ್ಲು. ನೋಡಿಲ್ಲ. … ಅದನ್ನೇ ಹೇಳಿ ಅವಳಿಗೆ. ಆಟ ಬರಲ್ಲ ಅಂತ ಕೂರಿಸಿದ್ದಲ್ಲ, ಕೋಚ್ ನಿನ್ನ ಆಟ ನೋಡೇ ಇಲ್ಲವಂತೆ ಅಂತ. ಅದು ಸುಳ್ಳಲ್ಲ. … ಸಾರ್? ಕೇಳಿಸ್ತಾ ಇದ್ಯಾ? … ಹಲೋ?"

ಲೈನ್ ಕಡಿದಿತ್ತು. ಎಲ್ಲಿಯವರೆಗೆ ಕೇಳಿಸಿತ್ತೋ ತಿಳಿಯಲಿಲ್ಲ.